ಕಟ್ಟದೆ ಬಿಟ್ಟ ಕಾಲುಗಳು

ಡಿಸೆಂಬರ್ 5, ಶುಕ್ರವಾರ. ಬೆಳಿಗ್ಗೆ 9.10ಕ್ಕೆ ರಾಜೀವಿ ಬೈಂದೂರು ಠಾಣೆಗೆ ಬಂದರು. ಕಂಬಳದಲ್ಲಿ ಕೋಣ ಓಡಿಸುವ ಅವರ ಮಗ ನಿತೇಶ್ ಹಿಂದಿನ ಸಂಜೆ ತ್ರಾಸಿಯಿಂದ ಹೊರಟವನು ಮನೆ ಸೇರಿರಲಿಲ್ಲ. ಬೆಳಿಗ್ಗೆ ಅವನ ಮೊಬೈಲಿನಿಂದಲೇ ತಾಯಿಗೆ ಅವನದೇ ಒಂದು ಫೋಟೊ ಬಂದಿತ್ತು. ಜೊತೆಗೆ ಒಂದು ಸಾಲು: 'ನಾಳೆ ಕಂಬಳ ಮುಗಿದ ಮೇಲೆ ಬಿಡುತ್ತೇವೆ.'

ಸಬ್ ಇನ್‌ಸ್ಪೆಕ್ಟರ್ ವಿನಯಾ ಭಾರತೀಯ ನ್ಯಾಯ ಸಂಹಿತೆಯ ಕಲಂ 140(3)ರ ಅಡಿ ಅಪಹರಣದ ಎಫ್‌ಐಆರ್ ದಾಖಲಿಸಿದರು. ನಿತೇಶನ ಓಟದ ವಿಡಿಯೊವನ್ನು ದೇಶವೇ ನೋಡಿತ್ತು. ಹತ್ತೂವರೆಗೆ ಟಿವಿಯವರು ಠಾಣೆಯ ಎದುರು ನಿಂತಿದ್ದರು. ಒಂದು ವಾಹಿನಿ 'ಬೆಟ್ಟಿಂಗ್ ದಂಧೆ' ಎಂದು ಆಗಲೇ ತೀರ್ಮಾನಿಸಿತ್ತು. ಎಸ್ಪಿ ಕಚೇರಿಯಿಂದ ಮೂರು ಸಲ ಫೋನ್ ಬಂತು.

11.40ಕ್ಕೆ ತ್ರಾಸಿಯ ಗಾಳಿಮರದ ತೋಪಿನಲ್ಲಿ ಬೈಕ್ ಸಿಕ್ಕಿತು. ಪಂಚನಾಮೆಯ ಪ್ರಕಾರ ಕೀಲಿ ಬೈಕಿನಲ್ಲೇ ಇತ್ತು, ಎಳೆದಾಡಿದ ಗುರುತಿರಲಿಲ್ಲ.

"ಗುರ್ತದವ್ರೇ ಕರ್ಕಂಡ್ ಹೋದದ್ದ್ ಮೇಡಂ," ಎಂದರು ಹೆಡ್ ಕಾನ್‌ಸ್ಟೆಬಲ್ ತಿಮ್ಮ.

ಮೊಬೈಲ್ ಕೊನೆಯದಾಗಿ ಶಿರೂರಿನ ಟವರ್ ಹಿಡಿದಿತ್ತು. ಅದರ ವ್ಯಾಪ್ತಿಯಲ್ಲಿ ನಾನೂರು ಮನೆಗಳು.

ವಿನಯಾ ಫೋಟೊವನ್ನು ದೊಡ್ಡದು ಮಾಡಿ ನೋಡಿದರು. ನಿತೇಶನ ಕೈಗಳನ್ನು ಹಿಂದಕ್ಕೆ ಕಟ್ಟಲಾಗಿತ್ತು. ಅಷ್ಟು ಜೋರು ಓಡುವವನ ಕಾಲುಗಳನ್ನು ಮಾತ್ರ ಕಟ್ಟಿರಲಿಲ್ಲ. ಮೊಣಕಾಲಿನಿಂದ ಕೆಳಗೆ ಎಣ್ಣೆ ಹೊಳೆಯುತ್ತಿತ್ತು.

ರಾಜೀವಿ ಫೋಟೊ ನೋಡಿ ಹೇಳಿದರು: "ಕಂಬಳದ್ ವಾರ ಕಾಲಿಗೆ ಹಗ್ಗ ಮುಟ್ಟುಕಾಗ, ದಿನಾ ಎಣ್ಣೆ ತಿಕ್ಕ್‌ಕ್ ಅಂದ್ಹೇಳಿ ಭೋಜರಾಜಣ್ಣ ಹೇಳ್ತಿದ್ರ್."

"ಬೇರೆಯವ್ರೂ ಹಾಂಗೇ ಮಾಡ್ತ್ರಾ?"

"ಇಲ್ಲ ಮೇಡಂ, ಬೇರೆಯವ್ರ್ ನೆಗಾಡ್ತ್ರ್. ಇದ್ ಅವ್ರೊಬ್ರದ್ದೇ ನೇಮ."

ಕಾಲಿಗೆ ಹಗ್ಗ ಸೋಕಬಾರದು, ದಿನಾ ಎಣ್ಣೆ ತಿಕ್ಕಬೇಕು ಎಂಬ ನೇಮದ ಈ ಭೋಜರಾಜ ನಿತೇಶನಿಗೆ ಓಟ ಕಲಿಸಿದವರು. ಒಂದು ಕಾಲದಲ್ಲಿ ನಾಳೆಯ ಕಂಬಳದ ಗದ್ದೆಯಲ್ಲೇ ಒಂಬತ್ತು ವರ್ಷ ಸತತವಾಗಿ ಗೆದ್ದವರು. ಬೆಳಿಗ್ಗೆಯಿಂದ ರಾಜೀವಿಯ ಜೊತೆ ಠಾಣೆಯ ಬೆಂಚಿನಲ್ಲೇ ಕೂತಿದ್ದರು. ವಿನಯಾ ಅವರನ್ನು ಒಳಗೆ ಕರೆದರು.

"ಶಿರೂರಂಗೆ ನಿಮ್ಮವ್ರ್ ಯಾರ್ ಇದ್ರ್?"

"ತಂಗಿ ಮನಿ ಇತ್ತ್. ಅವ್ರ್ ಮುಂಬೈಯಂಗಿದ್ರ್."

"ಕೀಲಿ?"

ಭೋಜರಾಜ ಅಂಗಿಯ ಕಿಸೆಯಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟರು.

3.25ಕ್ಕೆ ಪಂಚರ ಎದುರು ಶಿರೂರಿನ ಆ ಮನೆಯ ಬಾಗಿಲು ತೆರೆಯಲಾಯಿತು. ನಿತೇಶ್ ಬದುಕಿದ್ದ.

"ಭೋಜಣ್ಣ ಕಾರಂಗೆ ಕೂರ್ಸಿ ಚಾ ಕೊಟ್ರ್, ನಂಗೆ ನಿದ್ರೆ ಬಂತ್," ಎಂದ. "ಬೆಳಿಗ್ಗೆ ಬಂದ್ ಕಾಲ್ ತಿಕ್ಕಿ ಹೋದ್ರ್. ಮೇಡಂ, ನಾಳೆ ಓಡ್ಲಕ್ಕಾ?"

ಆಸ್ಪತ್ರೆಯ ವರದಿಯಲ್ಲಿ ಮಣಿಕಟ್ಟಿನ ಮೇಲೆ ಹಗ್ಗದ ಗುರುತು ನಮೂದಾಯಿತು. ಕಾಲುಗಳಿಗೆ ಯಾವ ಗಾಯವೂ ಇರಲಿಲ್ಲ.

ಬೈಂದೂರಿನ ಆ ಗದ್ದೆಗೆ ಮರುದಿನ ಮೊದಲ ಸಲ ಎಲೆಕ್ಟ್ರಾನಿಕ್ ಟೈಮರ್ ಬರುವುದಿತ್ತು.

"ಒಂಬತ್ತ್ ವರ್ಷ ಗೆದ್ದೆ," ಎಂದರು ಭೋಜರಾಜ. "ನಂದ್ ಎಷ್ಟ್ ಸೆಕೆಂಡ್ ಅಂದ್ಹೇಳಿ ಯಾರೂ ಬರ್ದಿಡ್ಲಿಲ್ಲ. ನಾಳೆ ಅವಂದ್ ಬರೀತ್ರ್. ಮತ್ತೆ ಆ ಗದ್ದೆ ಅವಂದೇ."

"ಅವ ನಿಮ್ಗಿಂತ ಜೋರ್ ಓಡ್ತ್ನಾ?"

"ಅದ್ ಗೊತ್ತಾಪ್ಕೆ ದಾರಿಯೇ ಇಲ್ಲ ಅಲ್ದಾ ಮೇಡಂ."

ಮರುದಿನ ಅವರನ್ನು ಕುಂದಾಪುರದ ನ್ಯಾಯಾಲಯಕ್ಕೆ ಹಾಜರುಪಡಿಸಬೇಕಿತ್ತು. ವಿನಯಾ ದಸ್ತಗಿರಿ ಮೆಮೊದಲ್ಲಿ ಸಮಯ ಬರೆದರು: ಸಂಜೆ 4.52. ಭೋಜರಾಜ ಬಗ್ಗಿ ಅದನ್ನು ಓದಿದರು.

"ಸೆಕೆಂಡ್ ಬರೆಯೂದಿಲ್ಯಾ?"

ಆ ನಮೂನೆಯಲ್ಲಿ ಸೆಕೆಂಡಿಗೆ ಜಾಗವಿರಲಿಲ್ಲ.