ಕೊನೆಯ ಬೆಂಚಿನ ವರದಿಗಾರ

ಕೊನೆಯ ಬೆಂಚಿನಲ್ಲಿ ಕುಳಿತು ಆತ ಮತ್ತೆ ಏನೋ ಗೀಚುತ್ತಿದ್ದ. ಇದು ನಾಲ್ಕನೇ ಗುರುವಾರ. ಹೊಸ ಗಣಿತ ಮೇಷ್ಟ್ರಿಗೆ ನನ್ನ ನೀತಿಪಾಠದಲ್ಲೇನು ಕೆಲಸ?

ನನ್ನ ಪಾಠವೆಂದರೆ ಕಥೆ. ರೋಬೋಟು, ದೂರದ ಗ್ರಹ, ಕಾಲದಲ್ಲಿ ಹಿಂದಕ್ಕೆ ಹೋಗುವ ಯಂತ್ರ, ಎಲ್ಲ ನಾನೇ ಕಟ್ಟಿದ್ದು. ಇಕ್ಕಟ್ಟಿನ ಜಾಗದಲ್ಲಿ ಕಥೆ ನಿಲ್ಲಿಸುತ್ತೇನೆ. ಮುಂದೆ ಏನು ಮಾಡುವುದು ಸರಿ ಎಂದು ಏಳನೇ ಕ್ಲಾಸಿನ ಮಕ್ಕಳೇ ತೀರ್ಮಾನಿಸಬೇಕು. ಈ ಪೀರಿಯಡ್ ಕಿತ್ತು ಗಣಿತಕ್ಕೆ ಕೊಡುತ್ತಾರಂತೆ ಎಂದು ಸ್ಟಾಫ್‌ರೂಮಿನಲ್ಲಿ ಗುಸುಗುಸು. ಈತ ಬಂದದ್ದೇಕೆಂದು ತಿಳಿಯದಿರಲು ನಾನೇನು ಕಿವಿಯ ಮೇಲೆ ಹೂ ಇಟ್ಟುಕೊಂಡಿದ್ದೆನೇ?

ಆತನ ಹಾಳಾದ ಕಣ್ಣುಗಳು ಮಾತ್ರ ಚೆನ್ನಾಗಿದ್ದವು. ನಾನು ನೋಡಿದೊಡನೆ ನೋಟ್‌ಬುಕ್ಕಿಗೆ ಇಳಿಯುತ್ತಿದ್ದವು.

ಅಂದು ಬೇಕೆಂದೇ ಕಥೆ ಬದಲಿಸಿದೆ.

"ಒಂದು ಗಗನನೌಕೆ. ಜೊತೆಗಿರೋರ ಮೇಲೆ ಕಣ್ಣಿಟ್ಟು ವರದಿ ಕೊಡು ಅಂತ ಅಲ್ಲೊಂದು ರೋಬೋಟಿಗೆ ಆಜ್ಞೆ. ಆದ್ರೆ ಅವರು ಅದಕ್ಕೆ ಇಷ್ಟ ಆಗ್ಬಿಟ್ಟಿದಾರೆ. ಈಗ ಏನ್ಮಾಡ್ಬೇಕು?"

ಆ 'ಇಷ್ಟ' ನನ್ನ ಬಾಯಿಂದ ಹೇಗೆ ಜಾರಿತೋ.

ಎರಡು ಜಡೆಯ ಹುಡುಗಿ ಎದ್ದಳು. "ಬರೆದಿದ್ದನ್ನ ಅವ್ರಿಗೇ ತೋರಿಸ್ಬೇಕು ಮಿಸ್. ಆಮೇಲೆ ಸಾರಿ ಕೇಳ್ಬೇಕು."

ಇಡೀ ಕ್ಲಾಸು ಅದಕ್ಕೇ ಕೈ ಎತ್ತಿತು. ಗಣಿತ ಮೇಷ್ಟ್ರ ಕಿವಿ ಕೆಂಪಾಯಿತು.

ಬೆಲ್ ಆಗಿ ಮಕ್ಕಳು ಹೋದ ಮೇಲೆ ಆತ ನೋಟ್‌ಬುಕ್ ತಂದು ನನ್ನ ಮೇಜಿನ ಮೇಲಿಟ್ಟ. "ನಿಮ್ಮ ಅನುಮಾನ ಸರಿ. ಹೆಡ್‌ಮಾಸ್ಟರೇ ಕಳಿಸಿದ್ದು. ಸಾರಿ."

ಮೊದಲ ಪುಟ: 'ಪಾಠವಿಲ್ಲ, ಬರೀ ಕಥೆ. ಪೀರಿಯಡ್ ದಂಡ.' ಮೈಯೆಲ್ಲ ಉರಿಯಿತು.

ಎರಡನೆಯದು: 'ಗಣಿತದ ಟೆಸ್ಟಿನಲ್ಲಿ ಕಾಪಿ ಹೊಡೆದವರಿಬ್ಬರು ತಾವೇ ಬಂದು ಒಪ್ಪಿಕೊಂಡರು. ಯಾಕೆಂದು ಕೇಳಿದರೆ, ಸುಳ್ಳು ಹೇಳಲಾರದ ರೋಬೋಟಿನ ಕಥೆ ಹೇಳಿದರು.'

ಮೂರನೆಯದರಲ್ಲಿ ಒಂದೇ ಸಾಲು: 'ಗುರುವಾರ ಯಾಕಿಷ್ಟು ತಡವಾಗಿ ಬರುತ್ತದೆ?'

ನಾನು ಆ ಸಾಲನ್ನು ಎರಡು ಸಲ ಓದಿದೆ.

"ಇದೂ ಹೆಡ್‌ಮಾಸ್ಟರ್‌ಗೆ ಹೋಗತ್ತಾ?"

"ಎರಡನೇ ಪುಟ ಮಾತ್ರ. ಬೆಳಿಗ್ಗೆನೇ ಅವ್ರಿಗೆ ಓದಿ ಹೇಳ್ದೆ, ಒಪ್ಕೊಂಡ್ರು. ಪೀರಿಯಡ್ ನಿಮ್ಗೇ ಇರತ್ತೆ."

ಎದೆಯ ಮೇಲಿನ ಭಾರ ಇಳಿಯಿತು. ಆದರೆ ಅನುಮಾನ ನನ್ನ ಹುಟ್ಟುಗುಣ.

"ಕೆಲಸ ಬೆಳಿಗ್ಗೆನೇ ಮುಗೀತಲ್ಲ. ಮತ್ತೆ ಈಗ ಕೂತು ಗೀಚಿದ್ದೇನು?"

ಆತ ತಡವರಿಸಿದ. "ಗೀಚಿದ್ದು ಬರೀ ನಾಟಕ. ಬಂದಿದ್ದು ನಿಮ್ಮನ್ನ ನೋಡೋಕೆ."

ಆ ಮಾತಿನಲ್ಲಿ ಎಲ್ಲಾದರೂ ಮೋಸವಿದೆಯೇ ಎಂದು ತುಂಬ ಹುಡುಕಿದೆ. ಸಿಗಲಿಲ್ಲ. ಪಕ್ಕದ ಕುರ್ಚಿ ಎಳೆದು, "ಕೂತು ನೋಡಿ," ಎಂದೆ.