ಬಡಗಣ ಬಾಗಿಲಿನ ಬೀಗ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಹಲ್ಲಿನ ಡಾಕ್ಟರು ಠಾಣೆಗೆ ಬಂದರು. ಎದೆಗವಚಿಕೊಂಡಿದ್ದ ದೊಡ್ಡ ಪೆಟ್ಟಿಗೆಯನ್ನು, ಕೂಸನ್ನು ಮಲಗಿಸುವ ಹಾಗೆ, ಇನ್ಸ್‌ಪೆಕ್ಟರ ಮೇಜಿನ ಮೇಲಿಟ್ಟರು. ಅದರ ಮೇಲೆ ಕತ್ತಿ ಹಿರಿದ ರಾಣಿಯ ಚಿತ್ರ, ಅವಳ ಹಿಂದೆ ಉರಿಯುವ ಕೋಟೆ.

"ಕಳ್ಳತನ ಆಗಿದೆ ಸಾರ್."

"ಏನು ಹೋಗಿದೆ?"

"ಇದು."

ಇನ್ಸ್‌ಪೆಕ್ಟರ್ ಪೆಟ್ಟಿಗೆಯನ್ನು ನೋಡಿದರು, ಡಾಕ್ಟರನ್ನು ನೋಡಿದರು. ಬೆನ್ನ ಹಿಂದೆ ಠಾಣೆಯವರು ಅವರನ್ನು ಪಟಾಕಿ ಅನ್ನುತ್ತಿದ್ದರು. ಬತ್ತಿ ಗಿಡ್ಡ.

"ಇಲ್ಲೇ ಇದೆಯಲ್ರೀ!"

"ಪೆಟ್ಟಿಗೆ ಇದೆ, ಒಳಗಿನದು ಹೋಗಿದೆ. ಹಳೇ ಕಾಲದ ಯುದ್ಧದ ವಿಡಿಯೋ ಗೇಮು ಸಾರ್, ಕಲೆಕ್ಟರ್ಸ್ ಎಡಿಷನ್. ಡಿಸ್ಕು, ರಾಣಿಯ ಗೊಂಬೆ, ಬಟ್ಟೆಯ ನಕಾಶೆ, ಎಲ್ಲಾ ಇತ್ತು. ನಿನ್ನೆ ಧೂಳು ಒರೆಸುವಾಗ ಗಲಗಲ ಅಂತು."

"ಬಿಚ್ಚಿ ನೋಡಿದ್ರಾ?"

"ಅಯ್ಯೋ! ಸೀಲು ಒಡೆದರೆ ಬೆಲೆಯೇ ಹೋಗುತ್ತೆ."

"ಬಿಚ್ಚದೆ ಎಫ್‌ಐಆರ್ ಏನಂತ ಬರೀಲಿ? ಗಲಗಲ ಅಂತಲಾ?"

ಹನ್ನೊಂದೂವರೆಗೆ ಡಾಕ್ಟರ ಮನೆಯಲ್ಲಿ ಪಂಚನಾಮೆ. ಕೆಳಗೆ ಕ್ಲಿನಿಕ್ಕು, ಮೇಲೆ ಮನೆ. ಪಂಚರು ಇಬ್ಬರು: ಪಕ್ಕದ ಅಂಗಡಿಯವನು, ಬಾಯಲ್ಲಿ ಹತ್ತಿ ಕಚ್ಚಿಕೊಂಡಿದ್ದ ಒಬ್ಬ ರೋಗಿ. ಪೆಟ್ಟಿಗೆ ಇಡುತ್ತಿದ್ದ ಗಾಜಿನ ಕಪಾಟಿನ ಬೀಗ ಮುರಿದಿರಲಿಲ್ಲ. ಅದರ ಕೀಲಿ ಅಡುಗೆಮನೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಮಹಿಳಾ ಕಾನ್‌ಸ್ಟೆಬಲ್ ಪೆಟ್ಟಿಗೆಗೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆಯ ಅಂಚು ತೋರಿಸಿದಳು.

"ಇಸ್ತ್ರಿಪೆಟ್ಟಿಗೆ ಒತ್ತಿ ಅಂಟಿಸಿದ್ದಾರೆ ಸಾರ್, ಮೂತಿಯ ಗುರುತು ನೋಡಿ. ಮನೆಯವರದೇ ಕೆಲಸ."

ಎಲ್ಲವನ್ನೂ ಇನ್ಸ್‌ಪೆಕ್ಟರ್ ತಾವೇ ಬರೆದುಕೊಂಡರು. ಬೇರೆಯವರ ಬರವಣಿಗೆ ಮೇಲೆ ಅವರಿಗೆ ನಂಬಿಕೆಯಿಲ್ಲ.

ಹಾಳೆಗೆ ಕತ್ತರಿ ಹಾಕಿದಾಗ ಡಾಕ್ಟರು ಕಣ್ಣು ಮುಚ್ಚಿಕೊಂಡು ನರಳಿದರು. ಹತ್ತಿ ಕಚ್ಚಿದ್ದ ರೋಗಿಗೆ ಅದನ್ನು ನೋಡಿ ನೋವೇ ಮರೆತುಹೋಯಿತು, ಖುಷಿಯಾಗಿ ನಕ್ಕ.

ಒಳಗೆ ಬರೀ ಸೀಮೆಸುಣ್ಣ. ಒಂದೊಂದನ್ನೂ ಮೂರು ತುಂಡು ಮಾಡಿ, ತುದಿಯನ್ನು ಓರೆಯಾಗಿ ಉಜ್ಜಿದ್ದರು. ಇನ್ಸ್‌ಪೆಕ್ಟರ್ ಒಂದು ತುಂಡು ಎತ್ತಿಕೊಂಡರು. ಇನ್ನೊಂದು ಕೈ ತಾನಾಗಿಯೇ ಹಣೆ ಸವರಿತು. ಶಾಲೆಯಲ್ಲಿ ತಾವು ಕೂರುತ್ತಿದ್ದ ಮೂರನೇ ಬೆಂಚಿನವರೆಗೆ ಗುರಿ ತಪ್ಪದೆ ಹಾರಿ ಬರುತ್ತಿದ್ದ ತುಂಡು ಇದು.

"ನಿಮ್ಮ ಮನೇಲಿ ಮೇಷ್ಟ್ರು ಯಾರು?"

"ನಮ್ಮ ಮಾವ. ಏಳನೇ ಕ್ಲಾಸಿಗೆ ಇತಿಹಾಸ ಹೇಳ್ತಿದ್ದವರು. ಹೋದ ತಿಂಗಳಷ್ಟೇ ಇಲ್ಲಿಗೆ ಬಂದರು. ‘ಒಂದೇ ಸಲ ಬಿಚ್ಚಪ್ಪ, ಆ ಕೋಟೆ ಉಳಿಯೋದನ್ನ ಕಣ್ಣಾರೆ ನೋಡಬೇಕು’ ಅಂದ್ರು. ಆಗಲ್ಲ ಅಂದೆ."

"ಈಗೆಲ್ಲಿ?"

"ಅವರ ಅಕ್ಕನ ಮನೇಲಿ. ದಿನಾ ಹೋಗ್ತಾರೆ, ಇಸ್ಪೀಟಾಡೋಕೆ."

ಇನ್ಸ್‌ಪೆಕ್ಟರ್ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು.

ಅಕ್ಕನ ಮನೆ ಎರಡು ಬೀದಿ ಆಚೆ. ಬಾಗಿಲು ಅರ್ಧ ತೆರೆದಿತ್ತು. "ಎಡಕ್ಕೆ ತಿರುಗೋ ಕತ್ತೆ! ಏಣಿ ಹಾಕ್ತಿದ್ದಾರೆ!" ಅಂತ ಮುದುಕಿಯ ಕೂಗು ಬೀದಿಗೇ ಕೇಳುತ್ತಿತ್ತು. ಒಳಗೆ ಗೋಡೆಯ ಮೇಲೆ ಕೋಟೆಯ ನಕಾಶೆ, ಟಿವಿಯ ಪಕ್ಕ ರಾಣಿಯ ಗೊಂಬೆ. ಮುದುಕಿಯ ಮೊಮ್ಮಗನ ಗೇಮ್ ಮಷೀನಿನ ಮುಂದೆ ಬೆವೆತು ಕೂತಿದ್ದ ಮೇಷ್ಟ್ರು.

"ಮೇಷ್ಟ್ರೇ, ಪೊಲೀಸು."

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. "ಮೂರನೇ ಬೆಂಚು! ಏನೋ, ಈ ಪಾಟಿ ಹೊಟ್ಟೆ ಬಂದಿದೆ? ಕದ್ದದ್ದು ನಾನೇ ಕಣೋ. ಹಿಡ್ಕೊಂಡು ಹೋಗು. ಆದರೆ ಇದೊಂದು ಸಲ ಕೋಟೆ ಉಳೀಲಿ. ವರ್ಷಾ ವರ್ಷಾ ನನ್ನ ಬಾಯಿಂದಲೇ ಬೀಳಿಸಿದ್ದೀನಿ ಇದನ್ನ. ಆ ಪಾಠದ ದಿನ ಮಕ್ಕಳ ಮುಖ ನೋಡೋಕಾಗ್ತಿರಲಿಲ್ಲ. ಇಲ್ಲೂ ಬೀಳುತ್ತಲೇ ಇದೆ."

ಕಾನ್‌ಸ್ಟೆಬಲ್ ಕೋಳ ಹಿಡಿದು ಸಾಹೇಬರ ಮುಖ ನೋಡಿದಳು. ಸಾಹೇಬರು ಟಿವಿ ನೋಡುತ್ತಿದ್ದರು. ಬತ್ತಿಗೆ ಬೆಂಕಿ ತಗುಲಿತ್ತು.

"ಬಡಗಣ ಬಾಗಿಲಿನ ಕಾವಲುಗಾರ ವೈರಿ ಕಡೆಯವನು, ಪಾಠದಲ್ಲೇ ಇತ್ತು! ಅವನ ಕೈಲಿ ಕೀಲಿ ಯಾಕೆ ಬಿಟ್ರಿ? ಬೀಗ ಬದಲಾಯಿಸ್ರೀ!"

"ಪರೀಕ್ಷೆಯಲ್ಲೂ ನೀನು ಹಿಂಗೇ ಬರೆದಿದ್ದೆ ಕಣೋ. ‘ರಾಣಿ ಹೊಸ ಬೀಗ ಹಾಕಿಸಿದಳು, ಗೆದ್ದಳು.’ ನಾನು ಸೊನ್ನೆ ಕೊಟ್ಟಿದ್ದೆ."

"ನನಗೂ ನೆನಪಿದೆ, ನಮ್ಮಪ್ಪನ ಚಪ್ಪಲಿಗೂ ನೆನಪಿತ್ತು. ಈಗ ಬೀಗ ಹಾಕ್ರೀ!"

ಮೇಷ್ಟ್ರು ಬೀಗ ಹಾಕಿದರು. ವೈರಿಯ ಆನೆ ಬಂದು ಗುದ್ದಿತು. ಇನ್ನೊಮ್ಮೆ ಗುದ್ದಿತು. ಬಾಗಿಲು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಏಣಿಗಳು ಉರುಳಿದವು, ದಂಡು ದಿಕ್ಕಾಪಾಲಾಯಿತು, ರಾಣಿ ಗೋಡೆಯ ಮೇಲೆ ನಿಂತು ಕತ್ತಿ ಎತ್ತಿದಳು. ಮುದುಕಿ ಕಾನ್‌ಸ್ಟೆಬಲನ್ನು ತಬ್ಬಿ ಕುಣಿದ ರಭಸಕ್ಕೆ ಕೋಳ ಠಣ್ಣನೆ ನೆಲಕ್ಕೆ ಬಿತ್ತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡು ನೋಡಿದರು. ಕೋಟೆ ನಿಂತೇ ಇತ್ತು.

ಆಮೇಲೆ ತಾವಾಗಿಯೇ ಎರಡೂ ಕೈ ಮುಂದೆ ಚಾಚಿದರು.

ಸಂಜೆ ಐದಕ್ಕೆ ಠಾಣೆಯಲ್ಲಿ ದಸ್ತಗಿರಿ ದಾಖಲಾಯಿತು. ಅಳಿಯ ಡಾಕ್ಟರೇ ಬಂದು ಜಾಮೀನು ನಿಂತರು. "ಸೀಲಂತೂ ಹೋಯ್ತು ಮಾವ. ನಾಳೆ ನನಗೂ ಆ ಆನೆ ಕಾಳಗ ತೋರಿಸಿ." ಇನ್ಸ್‌ಪೆಕ್ಟರ್ ಕೇಸ್ ಡೈರಿಯ ಕೊನೆಗೆ ಬರೆದರು: ‘ಆರೋಪಿಗೆ ಮಾಲಿನ ಮೇಲೆ ಆಸೆ ಇರಲಿಲ್ಲ. ಪಾಠದಲ್ಲಿ ಬಿದ್ದ ಕೋಟೆಯನ್ನು ಎತ್ತಿ ನಿಲ್ಲಿಸುವ ಆಸೆ ಇತ್ತು.’

ಮೇಷ್ಟ್ರು ಕಾಗದಗಳನ್ನೆಲ್ಲ ಓದದೆ ಸಹಿ ಮಾಡುವ ಪೈಕಿ ಅಲ್ಲ. ಓದುತ್ತಲೇ ಹೇಳಿದರು, "ಆ ಸೊನ್ನೆ ವಾಪಸ್ ತಗೊಂಡೆ ಕಣೋ. ಹತ್ತಕ್ಕೆ ಒಂಬತ್ತು."

"ಒಂದು ಯಾಕೆ ಕಿತ್ಕೊಂಡ್ರಿ?" ಪಟಾಕಿ ಸಿಡಿಯಿತು.

ಮೇಷ್ಟ್ರು ಪಂಚನಾಮೆಯ ಒಂದು ಸಾಲಿನ ಮೇಲೆ ಬೆರಳಿಟ್ಟರು: ‘ಕಪಾಟಿನ ಭೀಗ ಮುರಿದಿರುವುದಿಲ್ಲ.’

"ಆವತ್ತೂ ಬೀಗದ ಹೊಟ್ಟೆ ಸೀಳಿದ್ದೆ. ಇವತ್ತೂ ಸೀಳಿದ್ದೀಯಲ್ಲೋ!"