ಸಾಕು ಎನ್ನುವ ಗೋಡೆ

“ನನಗ ಸಾಕಾತೇನು?”

ಪ್ರಲ್ಹಾದ ಕೇಳಿದ್ದು ಅಡಿಗೆಮನೆಯ ಗೋಡೆಯನ್ನು. ಸುಣ್ಣ ಬಳಿದ ಸಾದಾ ಗೋಡೆ. ಅದಕ್ಕೆ ಕಿವಿಯಿಲ್ಲ, ಬಾಯಂತೂ ಮೊದಲೇ ಇಲ್ಲ. ಆದರೂ ಅವನು ತಾಟಿನ ಮುಂದೆ ಕುಳಿತು ಉತ್ತರಕ್ಕಾಗಿ ಕಾಯುತ್ತಿದ್ದ. ಒಲೆಯ ಬಳಿ ನಿಂತಿದ್ದ ಹೆಂಡತಿ ವಸುಧಾ ಅವನತ್ತ ತಿರುಗಿದಳು. ಮನುಷ್ಯರ ಒಳಗನ್ನು ಓದುವ ಗೋಡೆಗಳನ್ನು ಧಾರವಾಡಕ್ಕೆ ಕೊಟ್ಟ ವಿಜ್ಞಾನಿ ಅವಳೇ.

ಅವಳು ಕಟ್ಟಿಸಿದ ತೃಪ್ತಿಭವನದಲ್ಲಿ ಭೋಜನಶಾಲೆ, ಚಿತ್ರಶಾಲೆ, ಸಿನಿಮಾಮಂದಿರ ಮೂರೂ ಇದ್ದವು. ಮೂರರ ಸುತ್ತಲೂ ‘ಸ್ಪಂದಭಿತ್ತಿ’. ಒಳಗಿದ್ದವರ ಉಸಿರು, ನಾಡಿ, ಕಣ್ಣಪಾಪೆಯ ಹಿಗ್ಗುಕುಗ್ಗುಗಳನ್ನು ಆ ಗೋಡೆ ದೂರದಿಂದಲೇ ಓದಿ, ಬೆಳಕನ್ನೂ ತಂಪನ್ನೂ ಮಾರ್ದನಿಯನ್ನೂ ಅದಕ್ಕೆ ತಕ್ಕಂತೆ ಬದಲಿಸುತ್ತಿತ್ತು. ಹೊಟ್ಟೆ ತುಂಬಿತೆಂದರೆ ಎಲೆಯ ಮೇಲಿನ ಬೆಳಕು ಮೆಲ್ಲಗೆ ಸರಿಯುವುದು, ಬಡಿಸುವವರು ಮುಂದೆ ಹೋಗುವರು. ಚಿತ್ರವೊಂದನ್ನು ನೋಡಿ ಮನಸ್ಸು ತಣಿದರೆ ಕಾಲಡಿಯ ನೆಲ ತುಸುವೇ ಇಳಿಜಾರಾಗಿ ಮುಂದಿನ ಚಿತ್ರದತ್ತ ಒಯ್ಯುವುದು. ಸಿನಿಮಾದಲ್ಲಿ ಅತ್ತಿದ್ದು ಸಾಕೆನಿಸಿದೊಡನೆ ದೃಶ್ಯವೇ ಬದಲಾಗುವುದು.

ಊರಿಗೆ ಊರೇ ಮೆಚ್ಚಿತು. ಮೆಚ್ಚದೆ ಏನು? ನಮ್ಮ ಪಂಕ್ತಿಯಲ್ಲಿ ‘ಸಾಕು’ ಎನ್ನುವುದೇ ಒಂದು ಸಣ್ಣ ಯುದ್ಧ. ಮೊದಲ ಸಾಕನ್ನು ಬಡಿಸುವವನು ಸಂಕೋಚವೆಂದು ಬಗೆಯುತ್ತಾನೆ. ಎಲೆಗೆ ಎರಡೂ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಒಂದು ಮಿಳ್ಳೆ ತುಪ್ಪ ಬಿದ್ದೇ ಬಿಡುತ್ತದೆ. ಆ ಜಗಳವನ್ನು ಗೋಡೆ ತನ್ನ ಮೇಲೆ ಹಾಕಿಕೊಂಡಿತು. ಯಾರೂ ಬೇಡವೆನ್ನಬೇಕಾಗಿಲ್ಲ, ಯಾರ ಮನಸ್ಸೂ ನೋಯುವುದಿಲ್ಲ.

ದುರಸ್ತಿಗೆಂದು ಭವನದ ಬಾಗಿಲು ಹಾಕಿದಾಗ ಸಂಗತಿ ಹೊರಬಿತ್ತು. ಹಳೆಯ ಟಾಕೀಸಿನಲ್ಲಿ ಸಿನಿಮಾ ಮುಗಿದರೂ ಜನ ಬಿಳಿಯ ಪರದೆಯನ್ನೇ ನೋಡುತ್ತ ಕುಳಿತರು. ಮದುವೆಯೊಂದರಲ್ಲಿ ಎಲೆಗೆ ಕೈ ಅಡ್ಡ ಹಿಡಿದವರೇ ಇಲ್ಲ. ಬಡಿಸುವವರು ಬಡಿಸಿದರು, ಉಣ್ಣುವವರು ಉಂಡರು. ಗೋಡೆಯ ಪರೀಕ್ಷೆಗೆ ಎಲ್ಲರಿಗಿಂತ ಮೊದಲು ಕುಳಿತು, ಆಮೇಲೆ ವರ್ಷಗಟ್ಟಲೆ ಅಲ್ಲೇ ಉಂಡವನು ಪ್ರಲ್ಹಾದ. ಅವನನ್ನು ಆ ಪಂಕ್ತಿಯಿಂದ ನೇರ ಆಸ್ಪತ್ರೆಗೆ ಒಯ್ಯಬೇಕಾಯಿತು. ಇನ್ನೊಮ್ಮೆ ಹೀಗಾದರೆ ಜೀವಕ್ಕೇ ಅಪಾಯ ಎಂದಿದ್ದರು ವೈದ್ಯರು.

“ರೀ, ಆ ಗ್ವಾಡಿ ಏನ್ ಹೇಳೀತು? ನಿಮ್ಮ ಹೊಟ್ಟಿ ನಿಮಗ ತಿಳಿಯೂದಿಲ್ಲೇನು?”

“ಭಾರ ಆಗೇದ ಅಂತ ತಿಳೀತದ. ಸಾಕಾಗೇದ ಅಂತ ತಿಳಿಯೂದಿಲ್ಲ. ಎರಡೂ ಒಂದೇ ಏನು? ನೀ ವಿಜ್ಞಾನಿ, ನೀನೇ ಹೇಳು.”

“ಸ್ಪಂದಭಿತ್ತಿ ಹೊರಗಿಂದ ಏನೂ ತಂದು ಹಾಕಿಲ್ಲ. ನಿಮ್ಮೊಳಗ ಇದ್ದದ್ದನ್ನ ಓದಿ ತೋರಸ್ತಿತ್ತು, ಅಷ್ಟ.”

“ಹಂಗಾರ ನನ್ನದು ಅಲ್ಲೇ ಉಳೀತು ಬಿಡು. ಬೀಗರ ಮನ್ಯಾಗ ಕೊಡೆ ಮರತು ಬಂದಂಗ.” ಅವನು ನಕ್ಕ. ಅವಳಿಗೆ ನಗು ಬರಲಿಲ್ಲ.

ಹಿಂದೆಲ್ಲ ಮಠದಲ್ಲಿ ಕಾವ್ಯವಾಚನಕ್ಕೆ ಕುಳಿತಾಗ, ವಾಚಕರು ಸಾಲಿನ ನಡುವೆ ತಡೆದು ನಿಂತರೆ ಎಲ್ಲರಿಗಿಂತ ಮೊದಲು ‘ಆಹಾ’ ಎಂದು ತಲೆದೂಗುತ್ತಿದ್ದವನು ಇವನೇ. ಮೊನ್ನೆ ಅದೇ ಜಾಗದಲ್ಲಿ ಕುಳಿತು ದೀಪದ ಕಡೆಗೆ ನೋಡುತ್ತಿದ್ದ, ಬೆಳಕು ಬದಲಾಗಲಿ ಎಂದು. ವಾಚಕರು ತುಸು ಕಾದು, ಮುಂದಿನ ಸಾಲಿಗೆ ಹೋಗಿಬಿಟ್ಟಿದ್ದರು.

“ಈ ಅಡಿಗಿಮನಿಗೂ ಅಂಥಾದೊಂದು ಗ್ವಾಡಿ ಹಾಕ್ಸಿಬಿಡು, ವಸೂ.”

ಹಾಕಿಸಬಹುದಿತ್ತು. ಅವಳು ಒಂದು ಮಾತು ಹೇಳಿದರೆ ನಾಳೆಯೇ ಕೆಲಸದವರು ಬರುತ್ತಿದ್ದರು. ಇವನು ಬದುಕಿ ಉಳಿಯುತ್ತಿದ್ದ, ಆ ಗೋಡೆಯ ಬಗಲಿಗೆ, ಗೋಡೆ ಇರುವ ತನಕ.

ವಸುಧಾ ಒಲೆಯ ಕಡೆಗೆ ತಿರುಗಿದಳು. ಸೌಟಿನಲ್ಲಿ ಅನ್ನ ತುಂಬಿಕೊಂಡು ಬಂದು ಅವನ ಎದುರಿಗೆ ಕುಳಿತಳು. ತಾಟಿನ ಮೇಲೆ ಹಿಡಿದಳು.

“ಬಡಸ್ಲೇನು?”

ಪ್ರಲ್ಹಾದನ ಕೈ ಮೇಲೆದ್ದಿತು. ಅಡ್ಡ ಬರುವ ಮೊದಲೇ ಗಾಳಿಯಲ್ಲಿ ನಿಂತಿತು. ಗೋಡೆಯನ್ನು ನೋಡಿದ. ಆಮೇಲೆ ಅವಳನ್ನು.

“ನೀನ ಅಂದುಬಿಡು, ವಸೂ. ಸಾಕು ಅಂತ. ಇದೊಂದು ಸಲ.”

ಆ ಎರಡಕ್ಷರ ಅವಳ ನಾಲಿಗೆಯ ತುದಿಗೇ ಬಂದು ಕುಳಿತಿತ್ತು. ಸೌಟಿನ ಅಂಚಿನಿಂದ ಒಂದೆರಡು ಅಗುಳು ತಾಟಿಗೆ ಉದುರಿದವು.

“ಇಲ್ಲ,” ಎಂದಳು. “ನಾ ಅನ್ನೂದಿಲ್ಲ. ಅಂದ್ರ ನಾನೂ ನಿಮಗೊಂದು ಗ್ವಾಡಿ ಆಗ್ತೀನಿ.”